ಕುಂಟು ನಿಂತಿತೆಂದು ಹಗ್ಗ ಬಿಚ್ಚಬೇಡಿ

ನಾಯಿಯ ಕಾಲಿಗೆ ಪೆಟ್ಟಾದಾಗ ಮನೆಯವರು ಮೊದಲ ಎರಡು ದಿನ ತೋರುವ ಕಾಳಜಿಗೆ ಕೊರತೆಯಿರುವುದಿಲ್ಲ. ಎತ್ತಿಕೊಂಡೇ ಓಡಾಡುತ್ತಾರೆ, ಕೈತುತ್ತು ಹಾಕುತ್ತಾರೆ, ರಾತ್ರಿ ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಾರೆ. ತೊಂದರೆ ಶುರುವಾಗುವುದು ಎಂಟು ಹತ್ತು ದಿನ ಕಳೆದ ಮೇಲೆ. ಅಷ್ಟರಲ್ಲಿ ಕುಂಟು ಕಣ್ಣಿಗೆ ಬೀಳದಷ್ಟು ಕಡಿಮೆಯಾಗಿರುತ್ತದೆ. ನಾಯಿ ಗೇಟಿನ ಹತ್ತಿರ ಬಾಲ ಅಲ್ಲಾಡಿಸುತ್ತ ನಿಂತಿರುತ್ತದೆ. “ಪಾಪ, ಇನ್ನೆಷ್ಟು ದಿನ ಕಟ್ಟಿಹಾಕೋದು” ಎಂದು ಮನೆಯಲ್ಲಿ ಯಾರೋ ಒಬ್ಬರು ಹಗ್ಗ ಬಿಚ್ಚುತ್ತಾರೆ. ಎದುರಿಗೆ ಒಂದು ಬೆಕ್ಕು ಅಡ್ಡ ಹಾಯ್ದರೆ ಮುಗಿಯಿತು, ಅರೆಬರೆ ಕೂಡಿದ್ದ ಸ್ನಾಯು ಮತ್ತೆ ಹರಿಯುತ್ತದೆ. ಎರಡನೇ ಸಲ ಹರಿದದ್ದು ಕೂಡಲು ಮೊದಲಿಗಿಂತ ಹೆಚ್ಚು ಕಾಲ ಬೇಡುತ್ತದೆ.

ಪೆಟ್ಟಾದ ಮೊದಲ ನಾಲ್ಕೈದು ದಿನ ಆ ಜಾಗದಲ್ಲಿ ಊತ ಇರುತ್ತದೆ, ಒಳಗೆ ರಕ್ತ ಕಟ್ಟಿರುತ್ತದೆ, ಹಾಳಾದ ಎಳೆಗಳನ್ನು ದೇಹ ತೆರವು ಮಾಡುತ್ತಿರುತ್ತದೆ. ಆಮೇಲಿನ ಎರಡು ಮೂರು ವಾರ ಹೊಸ ಸ್ನಾಯುವಿನೆಳೆಗಳು ಹುಟ್ಟುವುದೂ ಸೀಳಿನ ನಡುವೆ ಗಾಯದ ಅಂಗಾಂಶ ತುಂಬಿಕೊಳ್ಳುವುದೂ ಒಟ್ಟಿಗೇ ನಡೆಯುತ್ತವೆ. ನೋವು ಬಹುಮಟ್ಟಿಗೆ ಇಳಿಯುವುದು ಈ ಹಂತದಲ್ಲೇ. ಆದರೆ ಹೊಸದಾಗಿ ಕೂಡಿದ ಭಾಗಕ್ಕೆ ಎಳೆತ ತಾಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಎಳೆಗಳು ಒಂದೇ ದಿಕ್ಕಿಗೆ ಸಾಲುಗೂಡಿ ಗಟ್ಟಿಯಾಗಲು ಇನ್ನೂ ಹಲವು ವಾರ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ನೋವು ಹೋದ ದಿನಕ್ಕೂ ಬಲ ಬಂದ ದಿನಕ್ಕೂ ನಡುವಿನ ಈ ಅವಧಿಯಲ್ಲೇ ಹೆಚ್ಚಿನ ನಾಯಿಗಳ ಕಾಲು ಕೆಡುವುದು. ಸ್ವಲ್ಪ ಎಳೆದುಕೊಂಡ ಸ್ನಾಯುವಾದರೆ ಎರಡರಿಂದ ನಾಲ್ಕು ವಾರ, ಒಂದಿಷ್ಟು ಹರಿದಿದ್ದರೆ ಆರರಿಂದ ಎಂಟು ವಾರ, ಪೂರ್ತಿ ಹರಿದಿದ್ದರೆ ಶಸ್ತ್ರಚಿಕಿತ್ಸೆ ಮತ್ತು ಅದಾದ ಮೇಲೆ ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಎಂದು ಇಟ್ಟುಕೊಂಡರೆ ಮೋಸವಿಲ್ಲ.

ಬೇಟೆನಾಯಿಗಳಲ್ಲಿ ಕಾಣುವ ಒಂದು ವಿಚಿತ್ರ ತೊಂದರೆ ಇದನ್ನೇ ತೋರಿಸಿಕೊಡುತ್ತದೆ. ಹೆಗಲಿನ ಚಪ್ಪಟೆ ಮೂಳೆಯ ಮೇಲೆ ಇನ್‌ಫ್ರಾಸ್ಪೈನೇಟಸ್ ಎಂಬ ಸ್ನಾಯುವಿದೆ. ಜೋರಾಗಿ ಓಡುವಾಗ ಅದಕ್ಕೆ ಪೆಟ್ಟಾದರೆ ನಾಯಿ ಕೆಲವು ದಿನ ಕುಂಟಿ ಸರಿಹೋಗುತ್ತದೆ. ಎಲ್ಲರೂ ಮರೆತಿರುತ್ತಾರೆ. ಎರಡು ನಾಲ್ಕು ವಾರದ ನಂತರ ನೋವೇ ಇಲ್ಲದೆ ಮುಂಗಾಲು ಅರ್ಧವೃತ್ತದಂತೆ ಹೊರಗೆ ಬೀಸಿಕೊಂಡು ಬರತೊಡಗುತ್ತದೆ. ಸ್ನಾಯು ಇರಬೇಕಾದ ಜಾಗದಲ್ಲಿ ಗಾಯದ ಅಂಗಾಂಶ ಬೆಳೆದು ಬಿಗಿದುಕೊಂಡಿರುತ್ತದೆ. ಅದನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಆದರೆ ಜರ್ಮನ್ ಶೆಫರ್ಡ್ ನಾಯಿಗಳ ಒಳತೊಡೆಯ ಗ್ರೇಸಿಲಿಸ್ ಸ್ನಾಯು ಇದೇ ರೀತಿ ಗಂಟಾದರೆ ಕತ್ತರಿಸಿದರೂ ಮತ್ತೆ ಬಿಗಿಯುವುದೇ ಹೆಚ್ಚು.

ಯಾವ ನಾಯಿಯ ಸ್ನಾಯುವಿಗೆ ಪೆಟ್ಟಾಗುತ್ತದೆ ಎಂದರೆ, ಯಾವುದಕ್ಕೂ ಆಗಬಹುದು. ದೀಪಾವಳಿಯ ಪಟಾಕಿಗೆ ಬೆದರಿ ಕಾಂಪೌಂಡ್ ಹಾರಿದ್ದು, ಸ್ಕೂಟರಿನ ಫುಟ್‌ಬೋರ್ಡಿನಿಂದ ಗಾಡಿ ನಿಲ್ಲುವ ಮೊದಲೇ ಧುಮುಕಿದ್ದು, ಮಲೆನಾಡಿನ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿ ಹಿಂಗಾಲೆರಡೂ ಅಗಲವಾದದ್ದು, ಹೊಸ ಫ್ಲಾಟಿನ ನುಣುಪು ಟೈಲ್ಸ್ ಮೇಲೆ ಕಾಲಿಂಗ್ ಬೆಲ್ ಸದ್ದಿಗೆ ಓಡಿ ತಿರುವಿನಲ್ಲಿ ಬಿದ್ದದ್ದು. ನನ್ನ ತಕರಾರಿರುವುದು ವಾರಕ್ಕೊಮ್ಮೆಯ ಓಟದ ಬಗ್ಗೆ. ಸೇನೆಯವರು 2016ರಲ್ಲಿ ಮುಧೋಳ ನಾಯಿಗಳನ್ನು ಮೀರತ್‌ನಲ್ಲಿ ತರಬೇತಿಗೆ ಸೇರಿಸಿಕೊಂಡ ಮೇಲೆ ನಗರಗಳಲ್ಲೂ ಆ ತಳಿಯ ಮೇಲೆ ಆಸೆ ಹುಟ್ಟಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವೇ ಇದೆ, ಅಲ್ಲಿಂದಲೂ ಮರಿ ತರುತ್ತಾರೆ. ಆದರೆ ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಓಡಲೆಂದೇ ಬಂದ ಮೈಕಟ್ಟು; ಕೊಬ್ಬು ಕಡಿಮೆ, ತೊಡೆಯೆಲ್ಲ ಸ್ನಾಯು. ಆರು ದಿನ ಬಾಲ್ಕನಿಯಲ್ಲಿ ಕಟ್ಟಿ, ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಒಮ್ಮೆಲೇ ಬಿಟ್ಟರೆ ತಣ್ಣಗಿದ್ದ ತೊಡೆ ಹರಿಯದೆ ಇನ್ನೇನಾದೀತು? ಓಟದ ಗ್ರೇಹೌಂಡ್‌ಗಳಲ್ಲಿ ಒಳತೊಡೆಯ ಸ್ನಾಯು ಹರಿಯುವುದು ಹೆಸರಾದ ಗಾಯ. ಮುಧೋಳವೂ ಅದೇ ಬಗೆಯ ಓಟಗಾರ.

ಸ್ನಾಯುವೋ, ಬೇರೇನೋ

“ಕಾಲು ಉಳುಕಿರಬೇಕು” ಎಂದು ಮನೆಯಲ್ಲೇ ತೀರ್ಮಾನಿಸುವುದು ಸುಲಭ. ಕುಂಟುವ ನಾಯಿಯ ಹಿಂದೆ ಬೇರೆ ಕಾರಣಗಳೂ ಇರುತ್ತವೆ, ಅವನ್ನು ಒಂದೊಂದಾಗಿ ತಳ್ಳಿಹಾಕುತ್ತ ಬರಬೇಕು.

ಮೊದಲು ಪಾದ ನೋಡಿ. ಬೆರಳ ಸಂದುಗಳನ್ನು ಅಗಲಿಸಿ, ಟಾರ್ಚ್ ಹಾಕಿ ನೋಡಿ. ಜಾಲಿ ಮುಳ್ಳು, ನೆಗ್ಗಿಲ ಮುಳ್ಳು, ಗಾಜಿನ ಚೂರು, ಬುಡದಲ್ಲಿ ಸೀಳಿದ ಉಗುರು ಸಿಕ್ಕರೆ ಅರ್ಧ ಚಿಂತೆ ಕಳೆಯಿತು. ನಂತರ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿ. ಸಮತಟ್ಟು ನೆಲದಲ್ಲಿ, ಹಗ್ಗ ಸಡಿಲವಾಗಿ ಹಿಡಿದು ಒಬ್ಬರು ನಾಯಿಯನ್ನು ನಡೆಸಲಿ, ಇನ್ನೊಬ್ಬರು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಚಿತ್ರಿಸಲಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ತಲೆ ಕೆಳಗಿಳಿಯುತ್ತದೆ. ಹಿಂಗಾಲಾದರೆ ನೋವಿರುವ ಬದಿಯ ಸೊಂಟ ಮೇಲೆದ್ದು ಕಾಣುತ್ತದೆ. ವೈದ್ಯರ ಮೇಜಿನ ಮೇಲೆ ಎಷ್ಟೋ ನಾಯಿಗಳು ಗಾಬರಿಗೆ ಕುಂಟುವುದನ್ನೇ ನಿಲ್ಲಿಸಿಬಿಡುತ್ತವೆ. ಆಗ ಈ ವಿಡಿಯೊ ಬಹಳ ಕೆಲಸಕ್ಕೆ ಬರುತ್ತದೆ.

ಸ್ನಾಯುವಿನ ನೋವೆಂದು ತಪ್ಪು ತಿಳಿಯುವುದರಲ್ಲಿ ಮೊದಲನೆಯದು ಮಂಡಿಯೊಳಗಿನ ಕ್ರೂಸಿಯೇಟ್ ಲಿಗಮೆಂಟ್ ಹರಿದದ್ದು. ಮೈ ಬಂದ ಲ್ಯಾಬ್ರಡಾರ್‌ಗಳಲ್ಲಿ ಇದು ಸಾಮಾನ್ಯ. ನಿಂತಾಗ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸುವುದು, ಕೂರುವಾಗ ಆ ಕಾಲನ್ನು ಮಡಿಸದೆ ಪಕ್ಕಕ್ಕೆ ಚಾಚುವುದು ಇದರ ಲಕ್ಷಣ. ಎರಡನೆಯದು ನಮ್ಮಲ್ಲಿ ಹೆಚ್ಚಾಗಿರುವ ಉಣ್ಣಿ ಜ್ವರ. ಎರ್ಲಿಕಿಯಾ ಸೋಂಕಿನಲ್ಲಿ ಕೀಲುಗಳು ಊದಿ ನಾಯಿ ಕುಂಟಬಹುದು, ಇಂದು ಈ ಕಾಲು ನಾಳೆ ಇನ್ನೊಂದು. ಜೊತೆಗೆ ಜ್ವರ, ಊಟ ಬೇಡವೆನ್ನುವುದು, ಒಸಡು ಬಿಳಿಚಿಕೊಳ್ಳುವುದು ಇದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಅದನ್ನು ಜ್ವರ ಎಂದುಕೊಳ್ಳಬಾರದು. ಇನ್ನು ದೊಡ್ಡ ಮೈಯ, ವಯಸ್ಸಾದ ನಾಯಿ ವಿಶ್ರಾಂತಿ ಕೊಟ್ಟರೂ ವಾರಗಟ್ಟಲೆ ಕುಂಟುತ್ತಿದ್ದು ಮೂಳೆಯ ಮೇಲೆ ಗಟ್ಟಿ ಊತ ಕಂಡರೆ ಮೂಳೆಯ ಕ್ಯಾನ್ಸರನ್ನೂ ನೆನಪಿಡಬೇಕಾಗುತ್ತದೆ.

ಬೆಳಗಾಗಲಿ ಎಂದು ಕಾಯಬಾರದ ಸ್ಥಿತಿಗಳೂ ಇವೆ. ಕಾಲು ಜೋತಾಡುತ್ತಿದ್ದರೆ, ಪಾದ ತಣ್ಣಗಿದ್ದರೆ, ಹಿಂಗಾಲೆರಡನ್ನೂ ಎಳೆಯುತ್ತಿದ್ದರೆ, ಮುಟ್ಟಗೊಡದೆ ಕಿರುಚುತ್ತಿದ್ದರೆ, ಹಿಂಗಾಲಿನ ಹಿಮ್ಮಡಿ ಕುಸಿದು ನೆಲಕ್ಕೆ ತಾಗುತ್ತಿದ್ದರೆ ಆಗಲೇ ಹೊರಡಬೇಕು. ಕೊನೆಯದು ಹಿಮ್ಮಡಿಯ ದೊಡ್ಡ ಸ್ನಾಯುರಜ್ಜು ಹರಿದ ಗುರುತು. ಅದು ವಿಶ್ರಾಂತಿಯಿಂದ ಕೂಡುವುದಲ್ಲ. ವಾಹನ ಬಡಿದಿದ್ದರಂತೂ ಕಾಲಿಗಿಂತ ಮೊದಲು ಎದೆ, ಹೊಟ್ಟೆ ತೋರಿಸಿ.

ಎತ್ತುವಾಗ ಎಚ್ಚರ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಅಗಲ ಬ್ಯಾಂಡೇಜನ್ನೋ ಹಳೆಯ ದುಪಟ್ಟಾವನ್ನೋ ಮೂತಿಗೆ ಸುತ್ತಿ ಕಿವಿಯ ಹಿಂದೆ ಸಡಿಲ ಗಂಟು ಹಾಕಿ. ವಾಂತಿ ಮಾಡುತ್ತಿದ್ದರೆ, ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ, ಪಗ್‌ನಂಥ ಚಪ್ಪಟೆ ಮೂತಿಯ ನಾಯಿಯಾದರೆ ಮೂತಿ ಕಟ್ಟಲೇಬಾರದು. ದಪ್ಪ ಬೆಡ್‌ಶೀಟ್ ಮೇಲೆ ಮಲಗಿಸಿ ನಾಲ್ಕು ಮೂಲೆ ಹಿಡಿದರೆ ಸ್ಟ್ರೆಚರ್ ಆಯಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು “ಮೂಳೆ ಚೆನ್ನಾಗಿದೆ” ಎಂದರೆ ಏನೂ ಆಗಿಲ್ಲವೆಂದು ಅರ್ಥವಲ್ಲ. ಸ್ನಾಯುವಿನ ಸೀಳು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಸೊಂಟದ ಒಳಗಿನಿಂದ ತೊಡೆಮೂಳೆಗೆ ಇಳಿಯುವ ಇಲಿಯೊಸೊಆಸ್ ಸ್ನಾಯು ಜಿಗಿಯುವ ನಾಯಿಗಳಲ್ಲಿ ಆಗಾಗ ಎಳೆದುಕೊಳ್ಳುತ್ತದೆ, ಹೊರಗಿನಿಂದ ಊತವೂ ತೋರುವುದಿಲ್ಲ. ಹಿಂಗಾಲನ್ನು ಹಿಂದಕ್ಕೆ ಚಾಚಿದಾಗ ನಾಯಿ ತಿರುಗಿ ನೋಡಿದರೆ ವೈದ್ಯರಿಗೆ ಸುಳಿವು ಸಿಗುತ್ತದೆ. ಖಚಿತಪಡಿಸಿಕೊಳ್ಳಲು ಅಲ್ಟ್ರಾಸೌಂಡ್ ಬೇಕಾಗಬಹುದು. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಅದು ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳದಂಥ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರೆದುಕೊಡಿ ಎಂದು ಕೇಳಲು ಸಂಕೋಚ ಬೇಡ.

ಮೊದಲ ಮೂರು ದಿನ

ಈ ದಿನಗಳಲ್ಲಿ ತಂಪು ಕೊಡಬೇಕು, ಶಾಖ ಕೂಡದು. ಐಸ್ ತುಂಡುಗಳನ್ನೋ ಫ್ರೀಜರಿನ ಬಟಾಣಿ ಪ್ಯಾಕೆಟ್ಟನ್ನೋ ತೆಳು ಟವೆಲಿನಲ್ಲಿ ಸುತ್ತಿ ಊದಿದ ಜಾಗಕ್ಕೆ ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಿರಿ, ದಿನಕ್ಕೆ ಮೂರು ನಾಲ್ಕು ಬಾರಿ. ಐಸನ್ನು ನೇರ ಚರ್ಮಕ್ಕೆ ಇಡಬೇಡಿ, ಕೂದಲು ಕಡಿಮೆಯಿರುವ ಮುಧೋಳದಂಥ ನಾಯಿಗೆ ಬೇಗ ಸುಡುತ್ತದೆ. ಮೂರು ದಿನ ಕಳೆದು ಊತ ಇಳಿದ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲಿನ ಶಾಖ ಕೊಡಬಹುದು. ನಿಮ್ಮ ಮೊಣಕೈ ಒಳಭಾಗಕ್ಕೆ ಇಟ್ಟು ನೋಡಿ, ಹಿತವಾಗಿದ್ದರೆ ನಾಯಿಗೂ ಹಿತ.

ನಮ್ಮ ಕಡೆ ಮಾಡುವ ಕೆಲವು ಉಪಚಾರಗಳನ್ನು ಇಲ್ಲೇ ನಿಲ್ಲಿಸಬೇಕು. ಉಳುಕು ತೆಗೆಯುತ್ತೇನೆಂದು ಕಾಲು ಹಿಡಿದು ಜಗ್ಗುವವರ ಕೈಗೆ ನಾಯಿಯನ್ನು ಕೊಡಬೇಡಿ. ಅರ್ಧ ಹರಿದದ್ದು ಪೂರ್ತಿ ಹರಿಯುವುದು ಅಲ್ಲೇ. ಎಕ್ಕದೆಲೆ ಬಾಡಿಸಿ ಕಟ್ಟಿದರೆ ಅದರ ಹಾಲು ಚರ್ಮ, ಬಾಯಿ, ಕಣ್ಣನ್ನು ಉರಿಸುತ್ತದೆ. ನಾವು ಹಣೆಗೆ, ಮಂಡಿಗೆ ಹಚ್ಚುವ ನೋವಿನ ಬಾಮು, ಎಣ್ಣೆ, ಸ್ಪ್ರೇ ಯಾವುದೂ ಬೇಡ. ನಾಯಿ ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ, ಬಾಮುಗಳಲ್ಲಿರುವ ಮಿಥೈಲ್ ಸ್ಯಾಲಿಸಿಲೇಟ್ ಹೊಟ್ಟೆಗೆ ಹೋದರೆ ವಿಷ.

ಎಲ್ಲಕ್ಕಿಂತ ದೊಡ್ಡ ಅಪಾಯ ನಮ್ಮ ಮಾತ್ರೆ ಡಬ್ಬಿ. “ಮಕ್ಕಳಿಗೇ ಕೊಡ್ತೀವಲ್ಲ, ಅರ್ಧ ಮಾತ್ರೆಗೆ ಏನಾಗುತ್ತೆ” ಎಂದು ಐಬುಪ್ರೊಫೆನ್, ಡೈಕ್ಲೊಫೆನಾಕ್, ಪ್ಯಾರಸಿಟಮಾಲ್ ಕೊಡುವವರಿದ್ದಾರೆ. ಮೊದಲೆರಡು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ, ಮೂರನೆಯದು ಯಕೃತ್ತಿಗೆ ಹಾನಿ ಮಾಡಬಲ್ಲದು. ನಾಯಿಗೆಂದು ವೈದ್ಯರು ಬರೆಯುವುದು ಸಾಮಾನ್ಯವಾಗಿ ಮೆಲಾಕ್ಸಿಕ್ಯಾಮ್ ಅಥವಾ ಕಾರ್ಪ್ರೊಫೆನ್, ಅದೂ ತೂಕ ನೋಡಿ. ಊಟದ ಜೊತೆಗೇ ಕೊಡಿ. ವಾಂತಿ, ಕಪ್ಪು ಡಾಂಬರಿನಂಥ ಮಲ, ಊಟ ಬಿಡುವುದು ಕಂಡರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಚರ್ಮದ ಅಲರ್ಜಿಗೆಂದು ಈಗಾಗಲೇ ಸ್ಟಿರಾಯ್ಡ್ ನಡೆಯುತ್ತಿದ್ದರೆ ಅದನ್ನು ಮರೆಯದೆ ಹೇಳಿ, ಎರಡೂ ಸೇರಿದರೆ ಹೊಟ್ಟೆ ತೂತಾಗುವ ಭಯವಿದೆ. ಮಾತ್ರೆ ನೋವನ್ನು ಮರೆಸುತ್ತದೆ, ಸ್ನಾಯುವನ್ನು ಕೂಡಿಸುವುದಿಲ್ಲ. ಮಾತ್ರೆ ಬಿದ್ದ ಒಂದು ಗಂಟೆಗೆ ನಾಯಿ ಸೋಫಾ ಹತ್ತಲು ನೋಡಿದರೆ ಅದನ್ನು ಚೇತರಿಕೆ ಎಂದು ಹಿಗ್ಗಬೇಡಿ.

ಕಟ್ಟಿಹಾಕಿದರೆ ವಿಶ್ರಾಂತಿಯಾಗದು

ವೈದ್ಯರು ರೆಸ್ಟ್ ಕೊಡಿ ಎಂದರೆ ನಾವು ಚೈನಿಗೆ ಕಟ್ಟುತ್ತೇವೆ. ಚೈನಿಗೆ ಬಿಗಿದ ನಾಯಿ ದಾರಿಯಲ್ಲಿ ಹೋಗುವ ಪ್ರತಿ ಬೈಕಿಗೂ ಹಾಲಿನವನಿಗೂ ನೆಗೆದು, ಚೈನು ಜಗ್ಗಿದಾಗ ಹಿಂಗಾಲ ಮೇಲೆ ಇಡೀ ಮೈಭಾರ ಹಾಕಿ ನಿಲ್ಲುತ್ತದೆ. ಓಡಾಡಿಕೊಂಡಿದ್ದರೂ ತೊಡೆಗೆ ಅಷ್ಟು ಪೆಟ್ಟಾಗುತ್ತಿರಲಿಲ್ಲ. ಬೇಕಾದದ್ದು ಪುಟ್ಟ ಜಾಗ: ದೊಡ್ಡ ಕೇಜ್, ಇಲ್ಲವೇ ಬೀದಿ ಕಾಣದ ಕೋಣೆಯ ಒಂದು ಮೂಲೆಗೆ ಬೆಂಚು, ಹಲಗೆ ಅಡ್ಡವಿಟ್ಟ ಆವರಣ. ಎದ್ದು ನಿಂತು ತಿರುಗಲು ಜಾಗವಿರಲಿ, ಓಡಲು ಇರದಿರಲಿ. ಮಧ್ಯಮ ಗಾಯಕ್ಕೆ ಮೊದಲೆರಡು ವಾರ ಇದೇ ಅದರ ಮನೆ. ಮೂತ್ರ, ಮಲಕ್ಕೆ ಮಾತ್ರ ಹಗ್ಗ ಹಿಡಿದು ಹೊರಗೆ.

ನೆಲದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ರೆಡ್ ಆಕ್ಸೈಡ್, ಗ್ರಾನೈಟ್, ಟೈಲ್ಸ್ ಎಲ್ಲವೂ ನೋಡಲು ಚೆಂದ, ಪೆಟ್ಟಾದ ನಾಯಿಗೆ ಮಾತ್ರ ಶತ್ರು. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ರಬ್ಬರ್ ಮ್ಯಾಟ್ ಅಥವಾ ಹಳೆಯ ಯೋಗಾ ಮ್ಯಾಟ್ ಹಾಸಿ. ಗೋಣಿಚೀಲ ಹಾಸಿದರೆ ಅಂಚಿಗೆ ಟೇಪ್ ಅಂಟಿಸಿ, ಇಲ್ಲವಾದರೆ ಅದೇ ಜಾರುತ್ತದೆ. ಉಗುರು ಉದ್ದವಾಗಿದ್ದರೆ ಪಾದ ನೆಲವನ್ನು ಹಿಡಿಯುವುದಿಲ್ಲ, ಕತ್ತರಿಸಿ. ಪಾದದಡಿ ಬೆಳೆದ ಕೂದಲನ್ನೂ ತೆಗೆಯಿರಿ. ಮೆಟ್ಟಿಲು ಬೇಡ. ಮೂರನೇ ಮಹಡಿಯಲ್ಲಿ ಲಿಫ್ಟ್ ಕೆಟ್ಟರೆ ಹೊಟ್ಟೆಯಡಿ ಟವೆಲ್ ಹಾಕಿ ಹಿಂಭಾಗದ ಭಾರವನ್ನು ನೀವು ಎತ್ತಿಹಿಡಿಯಿರಿ.

ಓಡಾಟ ಕಡಿಮೆಯಾದ ಮೇಲೂ ತಟ್ಟೆಯ ಅನ್ನ ಅಷ್ಟೇ ಇದ್ದರೆ ತಿಂಗಳಲ್ಲಿ ನಾಯಿ ಊದಿಕೊಳ್ಳುತ್ತದೆ. ಅನ್ನ ತಗ್ಗಿಸಿ, ಮೊಟ್ಟೆ, ಕೋಳಿ, ಮೊಸರಿನ ಪಾಲು ಉಳಿಸಿಕೊಳ್ಳಿ. ಬಿಸ್ಕತ್ತಿನ ಬದಲು ಸೌತೆಕಾಯಿ, ಬೇಯಿಸಿದ ಹುರುಳಿಕಾಯಿ. ಬೇಸರ ಕಳೆಯಲು ಊಟವನ್ನೇ ಆಟ ಮಾಡಿ, ಹಳೆಯ ಟವೆಲಿನ ಮಡಿಕೆಗಳಲ್ಲಿ ತಿಂಡಿ ಅಡಗಿಸಿ ಸುರುಳಿ ಸುತ್ತಿ ಕೊಡಿ. ಹದಿನೈದು ನಿಮಿಷ ಮೂಸಿ ಹುಡುಕಿದ ನಾಯಿ ಸುಸ್ತಾಗಿ ಮಲಗುತ್ತದೆ, ಕಾಲಿಗೂ ಶ್ರಮವಿಲ್ಲ.

ನಡಿಗೆಯಿಂದ ಓಟಕ್ಕೆ

ಪೂರ್ತಿ ಮಲಗಿಸಿಯೇ ಇಟ್ಟರೂ ಕೆಡುತ್ತದೆ. ಬಳಸದ ತೊಡೆ ಎರಡು ವಾರದಲ್ಲೇ ಸೊರಗುತ್ತದೆ, ಗಾಯದ ಅಂಗಾಂಶ ಅಡ್ಡಾದಿಡ್ಡಿ ಬೆಳೆದು ಬಿಗಿಯುತ್ತದೆ. ಊತ ಇಳಿದ ಮೇಲೆ, ವೈದ್ಯರು ಸರಿ ಎಂದ ಮೇಲೆ, ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ ಪೆಟ್ಟಾದ ಕಾಲನ್ನು ಒಂದೊಂದೇ ಕೀಲಿನಲ್ಲಿ ಮೆಲ್ಲಗೆ ಮಡಿಸಿ ಬಿಡಿಸಿ. ಹತ್ತು ಬಾರಿ, ದಿನಕ್ಕೆ ಎರಡು ಮೂರು ಸಲ. ಕೈಯಡಿ ಸ್ನಾಯು ಬಿಗಿಯಾಯಿತೆಂದರೆ, ನಾಯಿ ತುಟಿ ನೆಕ್ಕಿ ನಿಮ್ಮ ಕೈ ಕಡೆ ತಿರುಗಿತೆಂದರೆ ಅಲ್ಲಿಗೇ ನಿಲ್ಲಿಸಿ. ನಾಯಿ ಕೂಗುವ ಮೊದಲು ಹೀಗೆ ಸಣ್ಣದಾಗಿ ಹೇಳುತ್ತದೆ.

ನಡಿಗೆ ಐದು ನಿಮಿಷದಿಂದ ಶುರುವಾಗಲಿ, ದಿನಕ್ಕೆ ಎರಡು ಮೂರು ಬಾರಿ, ಗಿಡ್ಡ ಹಗ್ಗ, ಸಮತಟ್ಟು ಮಣ್ಣು. ಬೇಗ ನಡೆಸಿದರೆ ನಾಯಿ ನೋವಿನ ಕಾಲನ್ನು ಎತ್ತಿಕೊಂಡು ಮೂರೇ ಕಾಲಿನಲ್ಲಿ ಕುಣಿಯುತ್ತದೆ. ನಿಧಾನವಾಗಿ ನಡೆಸಿದಾಗಲೇ ನಾಲ್ಕೂ ಕಾಲು ಊರುವುದು. ಮರುದಿನ ಬೆಳಿಗ್ಗೆ ಬಿಗಿತ ಕಾಣದಿದ್ದರೆ ವಾರಕ್ಕೆ ಐದು ನಿಮಿಷದಂತೆ ಏರಿಸಿ, ಕಂಡರೆ ಹಿಂದಿನ ವಾರದ ಲೆಕ್ಕಕ್ಕೆ ಇಳಿಯಿರಿ. ಸಂಜೆಯ ಉತ್ಸಾಹ ನಂಬಬೇಡಿ, ಬೆಳಿಗ್ಗೆ ಎದ್ದಾಗಿನ ಮೊದಲ ನಾಲ್ಕು ಹೆಜ್ಜೆ ನಂಬಿ.

ಮೂರು ನಾಲ್ಕು ವಾರದ ಹೊತ್ತಿಗೆ ಬಲ ತುಂಬುವ ಕೆಲಸ. ಕೂರಿಸಿ ನಿಲ್ಲಿಸುವುದು ಎಲ್ಲಕ್ಕಿಂತ ಸರಳ: ಗೋಡೆಯ ಪಕ್ಕ ನಿಲ್ಲಿಸಿ, ಕಾಲು ಪಕ್ಕಕ್ಕೆ ಚಾಚದಂತೆ ನೇರವಾಗಿ ಕೂರಿಸಿ ಎಬ್ಬಿಸಿ, ಐದು ಸಲದಿಂದ ಶುರುಮಾಡಿ. ನಿಂತಿರುವಾಗ ಸೊಂಟವನ್ನು ಅಂಗೈಯಿಂದ ಅತ್ತಿತ್ತ ಮೆಲ್ಲಗೆ ದೂಡಿದರೆ ಭಾರ ನೋವಿನ ಕಾಲಿಗೂ ಬೀಳುತ್ತದೆ. ನೆಲದ ಮೇಲೆ ಪೊರಕೆ ಕೋಲುಗಳನ್ನು ಅಂತರವಿಟ್ಟು ಸಾಲಾಗಿಟ್ಟು ದಾಟಿಸಿದರೆ ಪ್ರತಿ ಕಾಲನ್ನೂ ಎತ್ತಿ ಇಡುವುದು ಅದಕ್ಕೆ ಮತ್ತೆ ರೂಢಿಯಾಗುತ್ತದೆ. ಆಮೇಲೆ ಸಣ್ಣ ಇಳಿಜಾರು ಹತ್ತಿಸಿ. ನೀರಿನಲ್ಲಿ ನಡೆಸುವ ಯಂತ್ರ, ಈಜುಕೊಳ ಇರುವ ನಾಯಿ ಫಿಸಿಯೊಥೆರಪಿ ಕೇಂದ್ರಗಳು ಬೆಂಗಳೂರಿನಲ್ಲಿವೆ, ದುಡ್ಡಿದ್ದರೆ ಒಳ್ಳೆಯದೇ. ತೋಟದ ಬಾವಿ, ಕೆರೆಗೆ ಇಳಿಸಿ ಈಜಿಸುವುದು ಅದಕ್ಕೆ ಸಮವಲ್ಲ. ಗಾಬರಿಗೆ ಒದೆಯುವ ಹಿಂಗಾಲು, ಜಾರುವ ದಂಡೆ ಎರಡೂ ಹೊಸ ಗಾಯಕ್ಕೆ ದಾರಿ.

ಬಲ ಬಂದಿದೆಯೇ ಎಂದು ತಿಳಿಯಲು ಟೈಲರ್ ಟೇಪ್ ಸಾಕು. ನಾಯಿ ನಾಲ್ಕೂ ಕಾಲು ಊರಿ ನಿಂತಿರಲಿ. ತೊಡೆಯ ಮೇಲ್ಭಾಗದಲ್ಲಿ ತೊಡೆಸಂದಿಗೆ ಹತ್ತಿರ ಟೇಪ್ ಸುತ್ತಿ, ಬಿಗಿಯದೆ, ಕೂದಲು ಅಪ್ಪುವಷ್ಟು. ಎರಡೂ ತೊಡೆಯನ್ನು ಒಂದೇ ಎತ್ತರದಲ್ಲಿ, ಒಬ್ಬರೇ ಅಳೆಯಬೇಕು, ಬೇರೆ ಕೈಯಾದರೆ ಲೆಕ್ಕ ತಪ್ಪುತ್ತದೆ. ಮೂರು ಸಲ ಅಳೆದು ಸರಾಸರಿ ಬರೆದಿಡಿ. ವಾರಕ್ಕೊಮ್ಮೆ ಸಾಕು. ಪೆಟ್ಟಾದ ತೊಡೆ ಇನ್ನೊಂದರ ಸಮಕ್ಕೆ ಬರುತ್ತಿದ್ದರೆ ಸರಿದಾರಿ. ಕುಂಟು ಇಲ್ಲ, ಆದರೆ ಎರಡು ಸೆಂಟಿಮೀಟರ್ ವ್ಯತ್ಯಾಸ ಉಳಿದಿದೆ ಎಂದರೆ ನಾಯಿ ಇನ್ನೂ ಆ ಕಾಲನ್ನು ಉಳಿಸಿಕೊಂಡು ನಡೆಯುತ್ತಿದೆ, ಓಟಕ್ಕೆ ಬಿಡುವ ಹೊತ್ತಲ್ಲ. ಎರಡು ವಾರ ಸರಿಯಾಗಿ ವಿಶ್ರಾಂತಿ ಕೊಟ್ಟರೂ ಕುಂಟು ತಗ್ಗದಿದ್ದರೆ, ಸ್ನಾಯು ಹಗ್ಗದಂತೆ ಗಟ್ಟಿಯಾಗುತ್ತಿದ್ದರೆ, ಹೆಜ್ಜೆ ಹಾಕುವ ರೀತಿಯೇ ಬದಲಾದರೆ ಮತ್ತೆ ವೈದ್ಯರ ಬಳಿ ಹೋಗಬೇಕು.

ಮೊದಲ ಬಿಡುಗಡೆಗೆ ನಾಲ್ಕು ಕಡೆ ಬೇಲಿಯಿರುವ ಮಣ್ಣಿನ ಜಾಗ ಹುಡುಕಿ. ಕಾಂಕ್ರೀಟೂ ಬೇಡ, ಒದ್ದೆ ಹುಲ್ಲೂ ಬೇಡ. ಹತ್ತು ನಿಮಿಷ ನಡೆಸಿ ಮೈ ಬೆಚ್ಚಗಾದ ಮೇಲೆ ಉದ್ದ ಹಗ್ಗದಲ್ಲೇ ಐದು ನಿಮಿಷ ಬಿಡಿ. ಚೆಂಡು ಎಸೆಯಬೇಡಿ. ಚೆಂಡಿನ ಹಿಂದೆ ಓಡಿದ ನಾಯಿ ಹಠಾತ್ತನೆ ತಿರುಗುವುದು, ಜಾರಿ ನಿಲ್ಲುವುದು ಎರಡೂ ತೊಡೆಗೆ ಭಾರಿ, ಅದಕ್ಕೆ ಇನ್ನೂ ಒಂದು ತಿಂಗಳಾದರೂ ಕಾಯಬೇಕು. ಜೊತೆಗೆ ಆಡಲು ಇನ್ನೊಂದು ನಾಯಿಯನ್ನೂ ಈಗಲೇ ಕರೆಯಬೇಡಿ. ಮನೆಗೆ ಬಂದು ತೊಡೆ ಮುಟ್ಟಿ ನೋಡಿ, ಒಂದು ಕಡೆ ಬಿಸಿಯೋ ಊತವೋ ಇದೆಯೇ ಎಂದು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವುದನ್ನು ನೋಡಿ, ಸಲೀಸಾಗಿ ಎದ್ದರೆ ಒಂದು ದಿನ ಬಿಟ್ಟು ಮತ್ತೆ ಐದು ನಿಮಿಷ.